ಫಾರ್ಮಲ್ಲಿ ‘ರಮೇಶ್’ ಹೋಗುತ್ತೆ, ‘ರಾಜ್‌ಕುಮಾರ್’ ಹೋಗಲ್ಲ. ವ್ಯಾಲಿಡೇಷನ್ ಎಲ್ಲಿ ತಪ್ಪಿದೆ?

ಶ್ವೇತಾ_ಕೋಡ್:
ಎಲ್ರಿಗೂ ನಮಸ್ಕಾರ. ನಮ್ಮೂರ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳ ಸಮ್ಮಿಲನ ಇದೆ, ಅದಕ್ಕೆ ಹೆಸರು ನೋಂದಾಯಿಸೋಕೆ ಪಿಎಚ್‌ಪಿ, ಮೈಎಸ್‌ಕ್ಯುಎಲ್‌ನಲ್ಲಿ ಒಂದು ಫಾರ್ಮ್ ಮಾಡ್ಕೊಟ್ಟಿದೀನಿ (ಕಂಪ್ಯೂಟರ್ ಕೆಲಸ ಅಂದ್ರೆ ಊರೋರು ನನ್ನ ತಲೆಗೇ ಕಟ್ಟೋದು, ಪ್ರಿಂಟರ್ ಕೆಟ್ರೂ ನಂಗೇ ಫೋನು). ಮೊದ್ಲು ಹೆಸರಿಗೆ ಬರೀ ಎ ಇಂದ ಝಡ್ ಅಂತ ರೆಜೆಕ್ಸ್ (ಯಾವ್ಯಾವ ಅಕ್ಷರ ಒಪ್ಬೇಕು ಅಂತ ಹೇಳೋ ಮಾದರಿ) ಇಟ್ಟಿದ್ದೆ, ರಿಟೈರ್ಡ್ ಮೇಷ್ಟ್ರುಗಳೆಲ್ಲ ಕನ್ನಡದಲ್ಲೇ ಟೈಪ್ ಮಾಡಿದ್ರು, ‘ಸರಿಯಾದ ಹೆಸರು ನಮೂದಿಸಿ’ ಅಂತ ಕೆಂಪಕ್ಷರ ಬಂತು, ಒಬ್ರು ಫೋನ್ ಮಾಡಿ ‘ಎಪ್ಪತ್ತು ವರ್ಷದಿಂದ ಇದೇ ಹೆಸರು ಕಣಮ್ಮ, ಇನ್ನೇನು ಸರಿ ಮಾಡ್ಲಿ’ ಅಂದ್ರು. ನಾಚಿಕೆ ಆಗಿ ಯೂನಿಕೋಡಿನ (ಎಲ್ಲಾ ಭಾಷೆ ಅಕ್ಷರಕ್ಕೂ ಒಂದೊಂದು ನಂಬರ್ ಕೊಡೋ ಪದ್ಧತಿ) ಕನ್ನಡ ಬ್ಲಾಕ್ ಪೂರ್ತಿ, 0ಸಿ80 ಇಂದ 0ಸಿಎಫ್‌ಎಫ್ ವರೆಗೆ, ಜೊತೆಗೆ ಸ್ಪೇಸ್ ಸೇರಿಸ್ದೆ. ಈಗ ರಮೇಶ್, ಸಾವಿತ್ರಮ್ಮ ಎಲ್ಲಾ ಹೋಗುತ್ತೆ. ಆದ್ರೆ

ರಾಜ್‌ಕುಮಾರ್ ಅಂತ ಹಾಕಿದ್ರೆ ತಗೊಳಲ್ಲ. ಎಲ್ಲಾ ಕನ್ನಡ ಅಕ್ಷರವೇ ಅಲ್ವಾ?

ಮಲ್ಲಿಕಾರ್ಜುನ ಅಂತ ಹಾಕಿದ್ರೆ ‘ಹೆಸರು ತುಂಬಾ ಉದ್ದ ಇದೆ’ ಅನ್ನುತ್ತೆ. 30 ಅಂತ ಮಿತಿ ಇಟ್ಟಿದೀನಿ, ಇದು ಐದೇ ಅಕ್ಷರ!

ಇನ್ನೊಬ್ರ ಫೋನ್ ನಂಬರ್ ಚೆಕ್ಕಿಂಗ್ ಎಲ್ಲಾ ಪಾಸಾಗಿ ಡೇಟಾಬೇಸಲ್ಲಿ 0 ಅಂತ ಕೂತಿದೆ. ತಲೆ ಕೆಟ್ಟು ಹೋಗಿದೆ.

ಪಿಎಚ್‌ಪಿ_ಪರಮೇಶಿ:
ಅಣ್ಣಾವ್ರ ಹೆಸರನ್ನೇ ಒಪ್ಪದ ಫಾರ್ಮು, ಊರಲ್ಲಿ ಗಲಾಟೆ ಆಗದಿದ್ರೆ ಸಾಕು 😄

ಮೇಡಂ, ಆ ಹೆಸರಲ್ಲಿ ಜ್ ಆದ್ಮೇಲೆ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಇದೆ, ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ. ಅದನ್ನ ತೆಗೆದ್ರೆ ಜಗೆ ಕ ಒತ್ತಾಗಿ ‘ರಾಜ್ಕುಮಾರ್’ ಆಗೋಗುತ್ತೆ. ಒತ್ತು ಬೀಳಬಾರ್ದು ಅಂತಾನೇ ಅದು ಅಲ್ಲಿರೋದು, ಎಷ್ಟೋ ಕೀಬೋರ್ಡ್ ಅದನ್ನ ತಾನೇ ಹಾಕ್ಬಿಡುತ್ತೆ, ಟೈಪ್ ಮಾಡೋರಿಗೆ ಗೊತ್ತೂ ಆಗಲ್ಲ. ಅದರ ನಂಬರ್ 200ಸಿ, ಅಂದ್ರೆ ಕನ್ನಡ ಬ್ಲಾಕಿನ ಆಚೆ ಇದೆ, ಅದಕ್ಕೇ ನಿಮ್ಮ ರೆಜೆಕ್ಸ್ ಬಾಗಿಲು ಹಾಕ್ತಿದೆ. ಅನುಮಾನ ಇದ್ರೆ ಕ್ಯಾರೆಕ್ಟರ್ ಎಣಿಸೋ ಎಂಬಿ ಸ್ಟ್ರ್‌ಲೆನ್ ಫಂಕ್ಷನ್ ಹಾಕಿ ನೋಡಿ, ಅದು ಇದ್ರೆ 11, ಇಲ್ದಿದ್ರೆ 10. ಅದರ ಅಣ್ಣತಮ್ಮ 200ಡಿ ಇದೆಯಲ್ಲ, ಅದು ‘ರ‍್ಯಾಂಕ್’ ಥರದ ಪದದಲ್ಲಿ ಅರ್ಕಾವತ್ತು ಬರದಂಗೆ ತಡೆಯೋದು, ಅದನ್ನೂ ಸೇರಿಸ್ಕೊಳಿ. ಹಾಗೇ ಚುಕ್ಕಿ ಬಿಟ್ಟಿದೀರ, ‘ಕೆ.ಆರ್.’ ಅಂತ ಇನಿಷಿಯಲ್ ಹಾಕೋರೆಲ್ಲ ನಾಳೆ ಬಂದು ನಿಲ್ತಾರೆ.

ಉದ್ದದ್ದು ಸ್ಟ್ರ್‌ಲೆನ್ (ಉದ್ದ ಅಳೆಯೋ ಫಂಕ್ಷನ್) ಮಾಡಿರೋ ತಪ್ಪು. ಅದು ಅಕ್ಷರ ಎಣಿಸಲ್ಲ, ಬೈಟ್ ಎಣಿಸುತ್ತೆ. ಮಲ್ಲಿಕಾರ್ಜುನ ನಮ್ ಕಣ್ಣಿಗೆ 5, ಒಳಗಡೆ ಬಿಡಿಸಿದ್ರೆ ಮ, ಲ, ಹಲಂತ, ಲ, ಗುಡಿಸು ಅಂತ ಹೋಗಿ ಒಟ್ಟು 12 ಕೋಡ್ ಪಾಯಿಂಟ್ (ಯೂನಿಕೋಡ್ ನಂಬರ್), ಅದನ್ನ ಬೈಟ್ ಆಗಿ ಇಡೋ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟ್, ಅಲ್ಲಿಗೆ 36. ಎಂಬಿ ಸ್ಟ್ರ್‌ಲೆನ್ ಬಳಸಿ, ಮಿತಿನೂ 100 ಮಾಡಿ, ಡಿಸ್ಕ್ ಏನ್ ತುಂಬೋಗಲ್ಲ.

ಸುಮ್ನೆ_ಓದೋನು:
ಇಷ್ಟೆಲ್ಲಾ ಯಾಕೆ, ‘ಇಂಗ್ಲಿಷಲ್ಲೇ ತುಂಬಿ’ ಅಂತ ಮೇಲೆ ಒಂದ್ ಲೈನ್ ಹಾಕಿದ್ರೆ ಮುಗೀತಲ್ಲ

ಮಲೆನಾಡ_ಮಳೆ:
@ಸುಮ್ನೆ_ಓದೋನು ಮುಗಿಯಲ್ಲ ಗುರು, ಕನ್ನಡ ಮೀಡಿಯಂ ಶಾಲೆ ಸಮ್ಮಿಲನಕ್ಕೆ ಹೆಸರು ಮಾತ್ರ ಇಂಗ್ಲಿಷಲ್ಲಿ ಬರೀರಿ ಅಂದ್ರೆ ಆ ಮೇಷ್ಟ್ರು ಬೆತ್ತ ಹಿಡ್ಕೊಂಡು ಬರ್ತಾರೆ.

ನನ್ ಕೇಳಿದ್ರೆ ಹೆಸರಿಗೆ ರೆಜೆಕ್ಸೇ ಬೇಡ. ಹೆಸರು ಅವರದ್ದು, ಸರಿನಾ ತಪ್ಪಾ ಅಂತ ಹೇಳೋಕೆ ನಾವ್ಯಾರು? ಬ್ಯಾಡ್ಜ್ ಮೇಲೆ ಪ್ರಿಂಟ್ ಹೊಡೆಯೋಕೆ ತಾನೇ, ಖಾಲಿ ಇರಬಾರ್ದು, ವಿಪರೀತ ಉದ್ದ ಇರಬಾರ್ದು, ಅಷ್ಟೇ ನೋಡಿ ಬಿಟ್ಬಿಡಿ. ಕೊನೆಯ ಹೆಸರು ಕಡ್ಡಾಯ ಅಂತ ಮಾತ್ರ ಮಾಡ್ಬೇಡಿ, ನಮ್ಮಲ್ಲಿ ಅರ್ಧ ಜನಕ್ಕೆ ಅದಿಲ್ಲ, ನಂಗೂ ಇಲ್ಲ, ಎಲ್ಲಾ ಕಡೆ ಚುಕ್ಕಿ ಹಾಕಿ ಹಾಕಿ ಬೇಜಾರಾಗಿದೆ.

ಬಿಗಿ ಮಾಡ್ಬೇಕಿರೋದು ಫೋನ್ ನಂಬರ್, ಯಾಕಂದ್ರೆ ಅದಕ್ಕೆ ನೀವು ಕಾಲ್ ಮಾಡ್ಬೇಕು. ನಿಮ್ಮ 0 ಕಥೆ ನಂಗೆ ಗೊತ್ತಾಯ್ತು ಅನ್ಸುತ್ತೆ, ಅವ್ರು ೯೮ ಅಂತ ಕನ್ನಡ ಅಂಕಿಯಲ್ಲಿ ಹಾಕಿರ್ತಾರೆ. ಪಿಎಚ್‌ಪಿ ರೆಜೆಕ್ಸ್ ಕೊನೇಲಿ ಯು ಅಂತ ಹಾಕಿದ್ರೆ ಬ್ಯಾಕ್‌ಸ್ಲ್ಯಾಷ್ ಡಿ (ಅಂಕಿ ಅನ್ನೋ ಗುರುತು) ಕನ್ನಡ ಅಂಕಿನೂ ಒಪ್ಕೊಳುತ್ತೆ, ಆಮೇಲೆ ನೀವು ಇಂಟ್‌ಗೆ ಕ್ಯಾಸ್ಟ್ ಮಾಡಿದಾಗ (ಪೂರ್ಣಸಂಖ್ಯೆಗೆ ಬದಲಾಯಿಸಿದಾಗ) ಅದಕ್ಕೆ ಆ ಅಂಕಿ ಅರ್ಥ ಆಗಲ್ಲ, ಸೊನ್ನೆ ಕೊಡುತ್ತೆ. ಜಾವಾಸ್ಕ್ರಿಪ್ಟಲ್ಲಿ ಅದೇ ಡಿ ಬರೀ 0 ಇಂದ 9 ಅಷ್ಟೇ, ಪೈಥಾನಲ್ಲಿ ಡಿ ಒಪ್ಪುತ್ತೆ, ಇಂಟೂ ಸರಿಯಾಗಿ ಓದುತ್ತೆ. ಒಂದೊಂದು ಭಾಷೆದು ಒಂದೊಂದು ಹಠ.

ಮೊದ್ಲು ತೊಳೀರಿ, ಆಮೇಲೆ ಚೆಕ್ ಮಾಡಿ. ೦ ಇಂದ ೯ ನ 0 ಇಂದ 9ಕ್ಕೆ ಬದಲಾಯಿಸಿ (ಎಸ್‌ಟಿಆರ್‌ಟಿಆರ್ ಒಂದೇ ಲೈನು), ಸ್ಪೇಸ್, ಅಡ್ಡಗೆರೆ ತೆಗೀರಿ, ಮುಂದೆ +91 ಅಥವಾ 0 ಇದ್ರೆ ಕತ್ತರಿಸಿ. ಉಳಿದಿದ್ದು 10 ಅಂಕಿ, ಶುರು 6 ಇಂದ 9ರೊಳಗೆ ಇದ್ರೆ ಮೊಬೈಲು. ಅಮೆರಿಕಾದಲ್ಲಿರೋ ಹಳೇ ವಿದ್ಯಾರ್ಥಿ ಒಬ್ರಾದ್ರೂ ಇರ್ತಾರೆ, +91 ಬಿಟ್ಟು ಬೇರೆ ಪ್ಲಸ್ ಇದ್ರೆ 15 ಅಂಕಿವರೆಗೂ ಬಿಡಿ. ಬಾಕ್ಸಿಗೆ ಟೈಪ್ ನಂಬರ್ ಬೇಡ, ಟೈಪ್ ಟೆಲ್ ಕೊಡಿ, ಮೊಬೈಲಲ್ಲಿ ಅಂಕಿ ಕೀಪ್ಯಾಡೇ ಬರುತ್ತೆ.

ರಾತ್ರಿಪಾಳಿ:
ಫೋನ್ ನಂಬರನ್ನ ದಯವಿಟ್ಟು ವಾರ್‌ಚಾರಲ್ಲಿ (ಸಂಖ್ಯೆ ಅಲ್ಲ, ಅಕ್ಷರವಾಗಿ ಇಡೋ ಕಾಲಮ್ಮು) ಇಡಿ. ನನ್ನ ಮೊದಲನೇ ಕೆಲ್ಸದಲ್ಲಿ ಆ ಕಾಲಮ್ಮಿಗೆ ಇಂಟ್ ಕೊಟ್ಟಿದ್ದೆ, ಮೈಎಸ್‌ಕ್ಯುಎಲ್ ಹಳೇದು, ಸ್ಟ್ರಿಕ್ಟ್ ಮೋಡ್ (ಹಿಡಿಸದ ಡೇಟಾ ಬಂದ್ರೆ ತಡೆಯೋದು) ಆಫು, ಬೆಳಗ್ಗೆ ನೋಡಿದ್ರೆ ನಾನೂರು ಗಿರಾಕಿಗಳಿಗೂ ಒಂದೇ ನಂಬರು 2147483647. ಇಂಟ್ ಹಿಡಿಯೋದೇ ಅಷ್ಟು, ಅದಕ್ಕಿಂತ ದೊಡ್ಡದು ಬಂದ್ರೆ ಅಲ್ಲಿಗೇ ತಂದು ನಿಲ್ಲಿಸಿತ್ತು. ಮಾರ್ಕೆಟಿಂಗಿನೋರು ಆ ನಂಬರಿಗೆ ಕಾಲ್ ಬೇರೆ ಮಾಡಿದ್ರು.

ಇನ್ನೊಂದು, ಚೆಕ್ಕಿಂಗ್ ಬ್ರೌಸರಲ್ಲಿ ಮಾತ್ರ ಇದ್ರೆ ಅದು ಇಲ್ಲ ಅಂತಲೇ ಲೆಕ್ಕ, ಎಫ್12 ಒತ್ತಿ ಪೇಜಿನ ಕೋಡಲ್ಲಿ ರಿಕ್ವೈರ್ಡ್ (ಕಡ್ಡಾಯ) ಅನ್ನೋದನ್ನ ಅಳಿಸೋಕೆ ಎರಡು ಸೆಕೆಂಡು ಸಾಕು. ಸರ್ವರಲ್ಲಿ ಇನ್ನೊಂದ್ಸಲ ಮಾಡಿ.

ಸುಮ್ನೆ_ಓದೋನು:
ರೆಜೆಕ್ಸೇ ತೆಗೆದ್ರೆ ಯಾರಾದ್ರೂ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ಟ್ಯಾಗ್ (ಪೇಜಲ್ಲಿ ಓಡೋ ಕೋಡ್) ಹಾಕಿದ್ರೆ? ಸಿಂಗಲ್ ಕೋಟ್, ಆಂಗಲ್ ಬ್ರ್ಯಾಕೆಟ್ ಎಲ್ಲಾ ಕಿತ್ತಾಕ್ಬೇಕಲ್ವಾ

ಪಿಎಚ್‌ಪಿ_ಪರಮೇಶಿ:
ಒಳ್ಳೇ ಪ್ರಶ್ನೆ, ಈ ಸಲ 😄 ಕೀಳೋದು ಬೇಡ, ಡಿಸೋಜಾ ಅವ್ರು ಇಂಗ್ಲಿಷಲ್ಲಿ ಬರೆದ್ರೆ ಡಿ ಆದ್ಮೇಲೆ ಆ ಕೋಟ್ ಬೇಕೇ ಬೇಕು. ಡೇಟಾಬೇಸಿಗೆ ಹಾಕುವಾಗ ಪಿಡಿಒ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ತುಂಬಿದ್ದನ್ನ ಡೇಟಾಬೇಸ್ ಆದೇಶದಿಂದ ಬೇರೆಯಾಗಿ ಕಳಿಸೋದು) ಬಳಸಿ, ಪೇಜಲ್ಲಿ ತೋರಿಸುವಾಗ ಎಚ್‌ಟಿಎಂಎಲ್ ಸ್ಪೆಷಲ್ ಚಾರ್ಸ್ ಫಂಕ್ಷನ್ ಮೂಲಕ ತೋರ್ಸಿ. ಟ್ಯಾಗ್ ಹಾಕಿದ್ರೂ ಬರೀ ಅಕ್ಷರವಾಗಿ ಬಿದ್ದಿರುತ್ತೆ, ಓಡಲ್ಲ. ಹೆಸರಿನ ರೆಜೆಕ್ಸನ್ನ ನಂಬ್ಕೊಂಡು ಈ ಎರಡನ್ನ ಬಿಟ್ಟಿರೋ ಕೋಡ್ ಎಷ್ಟೋ ನೋಡಿದೀನಿ.

ಶ್ವೇತಾ_ಕೋಡ್:
ಎಲ್ರಿಗೂ ತುಂಬಾ ಥ್ಯಾಂಕ್ಸ್! ರೆಜೆಕ್ಸ್ ತೆಗೆದೆ, ಎಂಬಿ ಸ್ಟ್ರ್‌ಲೆನ್ ಹಾಕ್ದೆ, ಫೋನ್ ಕಾಲಮ್ ವಾರ್‌ಚಾರ್ ಮಾಡ್ದೆ. ಆ ಸೊನ್ನೆ ನಂಬರಿನವ್ರು ನಮ್ಮ ಕನ್ನಡ ಮೇಷ್ಟ್ರೇ, ಕನ್ನಡ ಅಂಕಿಯಲ್ಲೇ ಹಾಕಿದ್ರಂತೆ, ‘ಮತ್ತಿನ್ಯಾವುದರಲ್ಲಿ ಹಾಕ್ಬೇಕಿತ್ತು’ ಅಂತ ನನ್ನೇ ಕೇಳಿದ್ರು. ರಾಜ್‌ಕುಮಾರ್ ಮೂರು ಜನ ಬಂದಿದಾರೆ, ಮಲ್ಲಿಕಾರ್ಜುನ ಇಬ್ರು.

ಒಂದೇ ಒಂದು ಎಡವಟ್ಟು, ಯಾರೋ ಹೆಸರಿನ ಜಾಗದಲ್ಲಿ ‘ಖಂಡಿತ ಬರ್ತೀವಿ ಊಟಕ್ಕೆ ನಾಲ್ಕು ಜನ’ ಅಂತ ತುಂಬಿದಾರೆ. ಫೋನ್ ನಂಬರ್ ಸರಿ ಇದೆ, ಸಂಜೆ ಕಾಲ್ ಮಾಡಿ ಕೇಳ್ತೀನಿ.