ಅಪ್‌ಡೇಟ್: ವೆಲೆನ್ಸಿಯಾಗೆ ಹೋಗಿ ಬಂದ್ವಿ, ಅಮ್ಮ ಹೊಟ್ಟೆ ತುಂಬಾ ತಿಂದ್ರು

ಸ್ಪೇನ್‌ನ ವೆಲೆನ್ಸಿಯಾದಲ್ಲಿ ಮಾಂಸ, ಮೀನು, ಮೊಟ್ಟೆ ಏನೂ ಮುಟ್ಟದ ಅಮ್ಮನಿಗೆ ಊಟಕ್ಕೇನು ಅಂತ ಕೇಳಿದ್ನಲ್ಲ, ಉತ್ತರ ಕೊಟ್ಟೋರಿಗೆಲ್ಲ ತುಂಬಾ ಥ್ಯಾಂಕ್ಸ್.

ನೀವು ಹೇಳಿದ ಹಾಗೇ ಬಸ್ಸಲ್ಲಿ ಹತ್ತಿರದ ಹಳ್ಳಿ ಎಲ್ ಪಾಲ್ಮಾರ್‌ಗೆ ಹೋದ್ವಿ, ಅಲ್ಬುಫೇರಾ ಸರೋವರದ ಸುತ್ತ ಭತ್ತದ ಗದ್ದೆ ನೋಡಿ ಅಮ್ಮಂಗೆ ಅಷ್ಟು ಖುಷಿ. ಪಾಯೆಯಾ ಅನ್ನೋ ಅನ್ನದ ಅಡುಗೆ ಅಲ್ಲಿಯವ್ರಿಗೆ ಮಧ್ಯಾಹ್ನದ ಊಟ, ಸಾಂಪ್ರದಾಯಿಕವಾಗಿ ಕೋಳಿ, ಮೊಲ ಹಾಕ್ತಾರೆ, ಅದಕ್ಕೇ ಬರೀ ತರಕಾರಿದು ಬೇಕು, ಅನ್ನ ಬೇಯಿಸೋ ಸ್ಟಾಕ್ (ರಸ) ಕೂಡ ತರಕಾರಿದೇ ಆಗ್ಬೇಕು ಅಂತ ಮೊದ್ಲೇ ಹೇಳಿಟ್ಟಿದ್ವಿ. ಅಗಲವಾದ ಬಾಣಲೆನೇ ಟೇಬಲ್‌ಗೆ ತಂದಿಟ್ರು, ಕೇಸರಿ ಬಣ್ಣದ ಅನ್ನ, ಆರ್ಟಿಚೋಕ್, ಬೀನ್ಸ್, ತಳದಲ್ಲಿ ಕೆಂಪಗೆ ಗರಿಗರಿಯಾಗಿ ಹಿಡಿದಿರೋ ಅನ್ನ (ಅದಕ್ಕೆ ಸೊಕರ್ರಾತ್ ಅಂತಾರೆ), ಅದನ್ನ ಚಮಚದಲ್ಲಿ ಕೆರೆದು ಕೆರೆದು ತಿಂದ್ವಿ, ನಿಜವಾಗ್ಲೂ ಅದೇ ಬೆಸ್ಟ್.

ಓರ್ಚಾತಾ ಅನ್ನೋ ಪಾನೀಯಾನೂ ಬಿಡ್ಬೇಡಿ. ಚೂಫಾ ಅನ್ನೋ ಪುಟ್ಟ ಗೆಡ್ಡೆ ನೆನೆಸಿ, ರುಬ್ಬಿ, ಸೋಸಿ, ಸಕ್ಕರೆ ಹಾಕಿ ತಣ್ಣಗೆ ಕೊಡ್ತಾರೆ, ಹಾಲು ಇರಲ್ಲ. ಜೊತೆಗೆ ಅದ್ಕೊಂಡು ತಿನ್ನೋ ಫಾರ್ತೋನ್ ಬನ್ನಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕಿರ್ತಾರೆ, ಕೇಳ್ಕೊಳಿ.

1928ರಲ್ಲಿ ಶುರುವಾದ ಸೆಂಟ್ರಲ್ ಮಾರ್ಕೆಟ್‌ಗೆ ಬೆಳಿಗ್ಗೆನೇ ಹೋಗಿ, ಮಧ್ಯಾಹ್ನಕ್ಕೆ ಮುಚ್ತಾರೆ, ಭಾನುವಾರ ರಜೆ.