ಅಮ್ಮನಿಗೆ ಮೆದುಳಿನ ಆಂಜಿಯೋಗ್ರಾಮ್, ಅಪಾಯ ಎಷ್ಟು?

ತೀರ್ಥಹಳ್ಳಿಯವ: ಅಮ್ಮನಿಗೆ ಶುಗರ್ ಇದೆ. ಸಿಟಿ ಸ್ಕ್ಯಾನಿನಲ್ಲಿ ಮೆದುಳಿನ ರಕ್ತನಾಳ ಉಬ್ಬಿದ ಹಾಗಿದೆ, ಡಿಎಸ್‌ಎ ಅನ್ನೋ ಆಂಜಿಯೋಗ್ರಾಮ್ ಮಾಡಿಸಿ ಅಂದಿದ್ದಾರೆ. ತೊಡೆಸಂದಿಯಿಂದ ಟ್ಯೂಬ್ ತಲೆವರೆಗೂ ಹೋಗುತ್ತಂತೆ. ಸೇಫಾ?

ಸಾಗರದ ನರ್ಸ್: ಸಾಮಾನ್ಯವಾಗಿ ಟ್ಯೂಬ್ ಕತ್ತಿನ ರಕ್ತನಾಳದಲ್ಲೇ ನಿಲ್ಲುತ್ತೆ, ಅಲ್ಲಿಂದ ಡೈ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. 1927ರಲ್ಲಿ ಈ ಪರೀಕ್ಷೆ ಮೊದಲು ಮಾಡಿದ ಪೋರ್ಚುಗಲ್‌ನ ಡಾಕ್ಟರ್ ಎಗಾಸ್ ಮೊನಿಜ್ ಕತ್ತಿನ ನಾಳಕ್ಕೇ ನೇರವಾಗಿ ಡೈ ಚುಚ್ಚಿದ್ದರು, ಈಗ ಎಷ್ಟೋ ವಾಸಿ! ಸ್ಟ್ರೋಕ್ ಆಗೋದು ಉಂಟು, ಆದರೆ ಪಳಗಿದವರ ಕೈಯಲ್ಲಿ ಶೇ. 1ಕ್ಕಿಂತ ಕಡಿಮೆ. ಚುಚ್ಚಿದ ಜಾಗ ಕಪ್ಪಾಗಿ ಊದಿಕೊಳ್ಳೋದೇ ಜಾಸ್ತಿ. ಮೊದಲು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸೋ ರಕ್ತ ಪರೀಕ್ಷೆ) ನೋಡಿಸಿ. ಶುಗರಿಗೆ ಮೆಟ್‌ಫಾರ್ಮಿನ್ ಮಾತ್ರೆ ಇದ್ದರೆ ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ.

ಅಡಿಕೆಮಂಡಿ: ಅಪ್ಪನಿಗೆ ಡೈ ಹೋದಾಗ ಮುಖವೆಲ್ಲ ಬಿಸಿಯಾಯ್ತಂತೆ, ಅಷ್ಟೇ. ಕಷ್ಟ ಆಮೇಲೆ. ಕಾಲು ಮಡಚದೆ ಗಂಟೆಗಟ್ಟಲೆ ಮಲಗಬೇಕು, ಮಾರಾಯ್ರೇ, ಕವಳ ಕೊಡು ಅಂತ ಒಂದೇ ಗಲಾಟೆ. ತೊಡೆಸಂದಿ ಬದಲು ಮಣಿಕಟ್ಟಿನಿಂದ ಮಾಡ್ತಾರಾ ಕೇಳಿ ನೋಡಿ.