ಜಾಂಗೋ ಕಲಿಯಲು ಪುಸ್ತಕವೋ, ಆನ್‌ಲೈನ್ ವೇದಿಕೆಗಳೋ?

ಪ್ರಶ್ನೆ: ಕೆಂಗೇರಿಯ ಪ್ರೋಗ್ರಾಮರ್

ಎಲ್ಲರಿಗೂ ನಮಸ್ಕಾರ. ಹಲವು ವರ್ಷಗಳಿಂದ ಪಿಎಚ್‌ಪಿಯಲ್ಲಿ ಕೆಲಸ ಮಾಡುತ್ತಿರುವ ನಾನು, ಹೊಸ ಪ್ರಾಜೆಕ್ಟ್‌ಗಾಗಿ ಈಗ ಜಾಂಗೋ (ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು) 5.2 ಆವೃತ್ತಿಯನ್ನು ಕಲಿಯಬೇಕಾಗಿದೆ. ಪೈಥಾನ್ ಭಾಷೆ ತಕ್ಕಮಟ್ಟಿಗೆ ಬರುತ್ತದೆ. ಅವೆನ್ಯೂ ರಸ್ತೆಯಲ್ಲಿ ಜಾಂಗೋ 1.11ನ್ನು ಆಧರಿಸಿದ ದಪ್ಪ ಪುಸ್ತಕವೊಂದು ಅಗ್ಗವಾಗಿ ಸಿಕ್ಕಿದೆ. ವೈಟ್‌ಫೀಲ್ಡ್‌ವರೆಗಿನ ಮೆಟ್ರೊ ಪ್ರಯಾಣದಲ್ಲಿ ಓದುವುದಕ್ಕೆ ಸಮಯವೂ ಇದೆ. ಆದರೆ ಸಹೋದ್ಯೋಗಿಗಳು, ಪುಸ್ತಕವೆಲ್ಲ ಏಕೆ, ಎರರ್ ಬಂದಾಗ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ವೇದಿಕೆ ಸ್ಟಾಕ್ ಓವರ್‌ಫ್ಲೋದಲ್ಲಿ ಹುಡುಕಿದರೆ ಸಾಕು ಎನ್ನುತ್ತಾರೆ. ಅನುಭವಸ್ಥರು ಏನು ಹೇಳುತ್ತೀರಿ?

ಉತ್ತರ 1: ಬ್ಯಾಕೆಂಡ್ ಬಸವನಗುಡಿ

ಪುಸ್ತಕವನ್ನೇ ಮೊದಲು ಓದಿ, ಆದರೆ ಅದರಲ್ಲಿರುವ ಕೋಡನ್ನು ಹಾಗೆಯೇ ಟೈಪ್ ಮಾಡಬೇಡಿ. 1.11 ಬಂದದ್ದು 2017ರ ಏಪ್ರಿಲ್‌ನಲ್ಲಿ. ಅದೇ ವರ್ಷದ ಕೊನೆಗೆ ಬಂದ 2.0ರಲ್ಲಿ ಪುಟಗಳ ವಿಳಾಸಗಳನ್ನು ಬರೆಯಲು ‘ಪಾತ್’ ಫಂಕ್ಷನ್ ಬಂತು, ಒಂದು ಟೇಬಲ್ಲನ್ನು ಇನ್ನೊಂದಕ್ಕೆ ಜೋಡಿಸುವ ‘ಫಾರಿನ್ ಕೀ’ಗೆ, ಮೂಲ ದಾಖಲೆ ಅಳಿಸಿದಾಗ ಏನಾಗಬೇಕೆಂದು ತಿಳಿಸುವ ‘ಆನ್ ಡಿಲೀಟ್’ ಕಡ್ಡಾಯವಾಯಿತು; ವಿಳಾಸಗಳಿಗಿದ್ದ ಹಳೆಯ ‘ಯುಆರ್‌ಎಲ್’ ಫಂಕ್ಷನ್ 4.0ರಲ್ಲಿ ತೆಗೆದುಹಾಕಲ್ಪಟ್ಟಿತು. ಹಾಗಾಗಿ ಪುಸ್ತಕದ ಮೊದಲ ಅಧ್ಯಾಯಗಳಲ್ಲೇ ಇಂಪೋರ್ಟ್ ಎರರ್ ಎದುರಾಗಬಹುದು.

ಆದರೂ ಪುಸ್ತಕದ ಪರ ನಿಲ್ಲಲು ಕಾರಣವಿದೆ. ಲೇಖಕರ ಪಟ್ಟಿಯೊಂದನ್ನು ತೋರಿಸುವ ಪುಟ ಬರೆದಿದ್ದೀರಿ, ಪ್ರತಿ ಸಾಲಿನಲ್ಲೂ ಆ ಲೇಖಕರ ಪ್ರಕಾಶಕರ ಹೆಸರೂ ಬರಬೇಕು ಎಂದಿಟ್ಟುಕೊಳ್ಳಿ. ನೂರು ಲೇಖಕರಿದ್ದರೆ ಪಟ್ಟಿಗೆ ಒಂದು, ಪ್ರಕಾಶಕರಿಗೆ ನೂರು, ಒಟ್ಟು 101 ಕ್ವೆರಿಗಳು (ಮಾಹಿತಿ ಕೇಳುವ ಆದೇಶಗಳು) ಡೇಟಾಬೇಸಿಗೆ ಹೋಗುತ್ತವೆ. ಸಂಬಂಧಿತ ದಾಖಲೆಗಳನ್ನೂ ಒಟ್ಟಿಗೆ ತರುವ ‘ಸೆಲೆಕ್ಟ್ ರಿಲೇಟೆಡ್’ ಹಾಕಿದರೆ ಅದೇ ಕೆಲಸ ಒಂದೇ ಕ್ವೆರಿಯಲ್ಲಿ ಮುಗಿಯುತ್ತದೆ. ಇಲ್ಲಿ ಎರರ್ ಬರುವುದೇ ಇಲ್ಲ; ಪುಟ ನಿಧಾನವಾಗುತ್ತದೆ, ಅಷ್ಟೆ. ಎರರ್ ಇಲ್ಲದ ಕಡೆ ವೇದಿಕೆಯಲ್ಲಿ ಏನೆಂದು ಹುಡುಕುತ್ತೀರಿ? ಕ್ವೆರಿಸೆಟ್ (ಜಾಂಗೋದಲ್ಲಿ ಕ್ವೆರಿ ಬರೆಯುವ ರೂಪ) ಯಾವಾಗ ಡೇಟಾಬೇಸನ್ನು ಮುಟ್ಟುತ್ತದೆ ಎಂಬ ಅಧ್ಯಾಯವನ್ನು ಓದಿದವರಿಗೆ ಮಾತ್ರ ಆ ಅನುಮಾನ ಹುಟ್ಟುತ್ತದೆ, ಮತ್ತು ಆ ಅಧ್ಯಾಯ 1.11ರ ಪುಸ್ತಕದಲ್ಲೂ ಇಂದಿಗೆ ಸಲ್ಲುತ್ತದೆ.

ಉತ್ತರ 2: ಮಲ್ಲೇಶ್ವರದಿಂದ ಒಬ್ಬರು

ಮೇಲಿನವರ ಮಾತನ್ನು ಪೂರ್ತಿ ಒಪ್ಪಲಾರೆ. ಅದೇ 101 ಕ್ವೆರಿಗಳ ಸಮಸ್ಯೆಯನ್ನು ನಮ್ಮಲ್ಲಿ ಹಲವರು ಗುರುತಿಸಿದ್ದು ಪುಟದ ಕ್ವೆರಿಗಳನ್ನು ಎಣಿಸಿ ತೋರಿಸುವ ಡೀಬಗ್ ಟೂಲ್‌ಬಾರ್ ಹಾಕಿಕೊಂಡ ಮೇಲೆ, ಆ ಟೂಲ್‌ಬಾರ್‌ನ ಹೆಸರು ತಿಳಿದದ್ದು ವೇದಿಕೆಯ ಚರ್ಚೆಯೊಂದರಿಂದ. ಇನ್ನು, ಉತ್ತರ ಹುಡುಕುವುದಕ್ಕಿಂತ ಪ್ರಶ್ನೆ ಬರೆಯುವುದರಲ್ಲಿ ಕಲಿಕೆ ಹೆಚ್ಚು. ಆಫೀಸಿನ ಕೋಡನ್ನು ಹಾಗೆಯೇ ಅಂಟಿಸುವಂತಿಲ್ಲವಾದ್ದರಿಂದ, ಒಂದು ಮಾಡೆಲ್ (ಟೇಬಲ್ಲಿನ ವಿವರಣೆ), ಒಂದು ವ್ಯೂ (ಪುಟವನ್ನು ಸಿದ್ಧಪಡಿಸುವ ಕೋಡ್) ಮಾತ್ರ ಉಳಿಯುವಷ್ಟು ಅದನ್ನು ಕತ್ತರಿಸುತ್ತ ಹೋದರೆ ಎಷ್ಟೋ ಸಲ ಪ್ರಶ್ನೆಯನ್ನು ಕಳುಹಿಸುವ ಮೊದಲೇ ದೋಷ ಕಣ್ಣಿಗೆ ಬೀಳುತ್ತದೆ.

ಎಚ್ಚರಿಕೆ ಬೇಕಾಗಿರುವುದು ಓದುವ ಕ್ರಮದಲ್ಲಿ. ಸ್ಟಾಕ್ ಓವರ್‌ಫ್ಲೋ 2008ರಿಂದ ಇದೆ. ಹಳೆಯ ಉತ್ತರಗಳಿಗೆ ವರ್ಷಗಟ್ಟಲೆ ಮತಗಳು ಸೇರಿರುವುದರಿಂದ ಅವು ಮೇಲೆಯೇ ಉಳಿಯುತ್ತವೆ, ಸರಿಯಾದ ಹೊಸ ಉತ್ತರ ಮೂರನೆಯದೋ ನಾಲ್ಕನೆಯದೋ ಆಗಿ ಕೆಳಗಿರುತ್ತದೆ. ಪ್ರಶ್ನೆ ಕೇಳಿದವರು ಒಪ್ಪಿದ ಉತ್ತರಕ್ಕಿರುವ ಹಸಿರು ಗುರುತು ಕಂಡೊಡನೆ ನಕಲು ಮಾಡದೆ, ಮೊದಲು ತಾರೀಖು ನೋಡಿ, ನಂತರ ಕೆಳಗಿನ ಕಾಮೆಂಟುಗಳನ್ನು ಓದಿ.

ಉತ್ತರ 3: ಓದುಗ

ಇಬ್ಬರೂ ಅಧಿಕೃತ ಡಾಕ್ಯುಮೆಂಟೇಷನ್ನಿನ ಹೆಸರೆತ್ತದಿರುವುದು ಆಶ್ಚರ್ಯ. ಅದು ಉಚಿತ, ಆವೃತ್ತಿವಾರು ಸಿಗುತ್ತದೆ, ಪಿಡಿಎಫ್ ಮತ್ತು ಇಪಬ್ ರೂಪದಲ್ಲಿ ಇಳಿಸಿಕೊಳ್ಳಲೂಬಹುದು, ಆದ್ದರಿಂದ ಮೆಟ್ರೊ ಸುರಂಗದಲ್ಲಿ ನೆಟ್‌ವರ್ಕ್ ಕೈಕೊಟ್ಟರೂ ಓದಿಗೆ ಅಡ್ಡಿಯಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ 1.11ರ ಪುಸ್ತಕದಲ್ಲಿ ಯಾವ ಅಧ್ಯಾಯಗಳನ್ನು ಬಿಟ್ಟುಬಿಡಬಹುದು?

ಬ್ಯಾಕೆಂಡ್ ಬಸವನಗುಡಿ

ಇನ್‌ಸ್ಟಾಲೇಷನ್, ಯುಆರ್‌ಎಲ್ ಮತ್ತು ಡಿಪ್ಲಾಯ್‌ಮೆಂಟ್ ಅಧ್ಯಾಯಗಳನ್ನು ಬಿಟ್ಟು, ಅವನ್ನು 5.2ರ ಡಾಕ್ಯುಮೆಂಟೇಷನ್ನಿನಲ್ಲೇ ಓದಿಕೊಳ್ಳಿ. ಪೈಥಾನ್ 2.7ಕ್ಕೆ ಬೆಂಬಲವಿದ್ದ ಕೊನೆಯ ಆವೃತ್ತಿ 1.11 ಆದ್ದರಿಂದ ಆ ಹಳೆಯ ಪೈಥಾನ್‌ಗಷ್ಟೇ ಬೇಕಿದ್ದ ‘ಯೂನಿಕೋಡ್’ ಕುರಿತ ಟಿಪ್ಪಣಿಗಳು ಅಲ್ಲಲ್ಲಿ ಕಾಣಿಸಬಹುದು, ಅವನ್ನೂ ದಾಟಿಬಿಡಿ. ಮಾಡೆಲ್, ಮೈಗ್ರೇಷನ್ (ಮಾಡೆಲ್‌ನ ಬದಲಾವಣೆಯನ್ನು ಡೇಟಾಬೇಸಿಗೆ ತರುವುದು), ಫಾರ್ಮ್ ಮತ್ತು ಟೆಂಪ್ಲೇಟ್ ಅಧ್ಯಾಯಗಳನ್ನು ಮಾತ್ರ ನಿಧಾನವಾಗಿ ಓದಿ.